ಕ್ರೆಡಿಟ್ ಕಾರ್ಡ್ ಬೋನಸ್ಸಿನ ಟಾರ್ಗೆಟ್: ಮೊದ್ಲ ಮನಿ ಖರ್ಚಿನ ಡೈರಿ ತಗೀರಿ

ಹೋದ ತಿಂಗಳ ಒಂದು ಐತವಾರ ನಮ್ಮ ಅಕ್ಕನ ಮಗ ಬಾಗಲಕೋಟಿ ನವನಗರದಾಗಿನ ನಮ್ಮ ಮನಿಗೆ ಬಂದಿದ್ದ. ಚಾ ಕುಡ್ಯೂಮುಂದ ಫೋನ್ ತಗದು ತೋರಿಸಿದ, "ಮಾಮಾ, ಈ ಕ್ರೆಡಿಟ್ ಕಾರ್ಡ್ ತಗೊಂಡು 60 ದಿನದಾಗ 75 ಸಾವಿರ ಖರ್ಚು ಮಾಡಿದ್ರ 5 ಸಾವಿರದ ವೋಚರ್ ಕೊಡ್ತಾರಂತ, ನಮ್ಮ ಆಫೀಸಿನ್ಯಾಗ ಇಬ್ರು ತಗೊಂಡಾರ, ನಾನೂ ಅರ್ಜಿ ಹಾಕ್ಲೇನು?" ಅಂದ. ಬ್ಯಾಡ ಅಂತ ಒಮ್ಮೆಲೆ ಹೇಳಾಕ ನನಗ ಮನಸಾಗಲಿಲ್ಲ, ಯಾಕಂದ್ರ ಈ ಬೋನಸ್ ಖರೇನ ಸಿಗ್ತೈತಿ, ನನಗೂ ಒಮ್ಮೆ ಸಿಕ್ಕೈತಿ, ಇನ್ನೊಮ್ಮೆ ಕೈ ತಪ್ಪೈತಿ. ಹಂಗಾಗಿ ಒಳಗಿಂದ ಅವನ ಅತ್ತಿ, ಅಂದ್ರ ನನ್ನ ಹೆಂಡ್ತಿ, ದಿನಾ ಬರದಿಡೂ ಖರ್ಚಿನ ಡೈರಿ ತರಿಸಿ ಇಬ್ರೂ ಕುಂತು ಲೆಕ್ಕಾ ಹಾಕಿದ್ವಿ. ಆವತ್ತು ಬಂದ ಲೆಕ್ಕ ನೋಡಿ ಇದನ್ನ ಬರೀಬೇಕು ಅನಿಸ್ತು, ಯಾಕಂದ್ರ ಇಂಥಾ ಆಫರ್ ಈಗ ನಮ್ಮ ಊರಾಗಿನ ಹುಡುಗರ ಫೋನಿಗೂ ದಿನಾ ಬರಾಕತ್ತಾವ, ಆದ್ರ ಆ ಟಾರ್ಗೆಟ್ ಇಡಾವ್ರು ನಮ್ಮೂರಿನ ಮನಿ ಹೆಂಗ ನಡೀತೈತಿ ಅಂತ ನೋಡಿ ಇಟ್ಟಿರೂದಿಲ್ಲ.

ದೇಶದಾಗ ಚಾಲ್ತಿ ಇರೂ ಕ್ರೆಡಿಟ್ ಕಾರ್ಡ್ 2024ರ ಫೆಬ್ರುವರಿಯೊಳಗ 10 ಕೋಟಿ ದಾಟಿದ್ವು. ದೊಡ್ಡ ಸಿಟಿಯಾಗ ಒಬ್ಬೊಬ್ಬರ ಹಂತೇಕ ಮೂರ್ನಾಕು ಕಾರ್ಡ್ ಆಗ್ಯಾವ, ಹೊಸಾ ಗಿರಾಕಿ ಬೇಕಂದ್ರ ಬ್ಯಾಂಕಿನವ್ರು ಈಗ ಬಾಗಲಕೋಟಿ, ವಿಜಯಪುರ, ಬೆಳಗಾವಿಗೆ ಬರಬೇಕು, ಬರಾಕತ್ತಾರ.

ಮೊದ್ಲ ಸಾದಾ ಲೆಕ್ಕ. ಅಂವ ತೋರಿಸಿದ ಕಾರ್ಡಿಗೆ ಜಾಯ್ನಿಂಗ್ ಫೀ 2,500 ರೂಪಾಯಿ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರ 2,950. ವೋಚರ್ 5,000ದ್ದು. ಹಂಗಂದ್ರ ಕೈಗೆ ಉಳಿಯೂದು 2,050, ಅದೂ ವೋಚರ್ ರೂಪದಾಗ, ಅವರು ಹೇಳಿದ ಅಂಗಡ್ಯಾಗ, ಅವರು ಹೇಳಿದ ತಾರೀಖಿನೊಳಗ ಖರ್ಚು ಮಾಡಬೇಕು. 75 ಸಾವಿರಕ್ಕ 2,050 ಅಂದ್ರ ನೂರಕ್ಕ 2 ರೂಪಾಯಿ 73 ಪೈಸಾ. ಇದು ಕಡಿಮಿ ಅಂತ ನಾ ಹೇಳೂದಿಲ್ಲ, ಎರಡು ಸಾವಿರ ರೂಪಾಯಿ ಅಂದ್ರ ನಮ್ಮಂಥಾ ಮನ್ಯಾಗ ಒಂದು ತಿಂಗಳ ಹಾಲಿನ ರೊಕ್ಕ. ಆದ್ರ "5 ಸಾವಿರ ಫ್ರೀ" ಅಂತ ಫೋನಿನ್ಯಾಗ ದೊಡ್ಡ ಅಕ್ಷರದಾಗ ಬರದದ್ದು, ಕೂಡಿಸಿ ಕಳದು ನೋಡಿದ್ರ ಅರ್ಧಾಕ್ಕೂ ಕೆಳಗ ಇಳೀತು ಅನ್ನೂದು ಲಕ್ಷದಾಗಿರಲಿ.

ಇನ್ನ ಈ ರೊಕ್ಕ ಬರೂದು ಎಲ್ಲಿಂದ ಅಂತ ಕೇಳಬೇಕಲ್ಲ. ನೀವು ಅಂಗಡ್ಯಾಗ ಕಾರ್ಡ್ ಉಜ್ಜಿದಾಗ ಅಂಗಡಿಯಾಂವಗ ಪೂರ್ತಿ ರೊಕ್ಕ ಮುಟ್ಟೂದಿಲ್ಲ, ನೂರಕ್ಕ ಸುಮಾರು ಒಂದೂವರಿ ಎರಡು ರೂಪಾಯಿ ಮುರಕೊಂಡ ಅವನ ಖಾತೆಗೆ ಬರ್ತೈತಿ, ಇದಕ್ಕ ಎಂಡಿಆರ್ ಅಂತಾರ. ಅದರಾಗ ದೊಡ್ಡ ಪಾಲು ನಿಮಗ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗ್ತೈತಿ. ಯುಪಿಐ ಮತ್ತ ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಈ ಎಂಡಿಆರ್ ತಗದು ಹಾಕ್ಯಾರ, ಅದಕ್ಕ ಅದರಾಗ ಇಂಥಾ ದೊಡ್ಡ ಬೋನಸ್ ಕಾಣೂದಿಲ್ಲ, ಕ್ರೆಡಿಟ್ ಕಾರ್ಡಿಗೆ ಇನ್ನೂ ಐತಿ. ಯುರೋಪಿನ್ಯಾಗ ಅಂಗಡಿ ಕಡೆಯಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗೂ ಪಾಲಿಗೆ 2015ರ ಡಿಸೆಂಬರಿನಿಂದ ನೂರಕ್ಕ 0.3 ಅಂತ ಮಿತಿ ಹಾಕಿದ್ರು, ಅಲ್ಲೆ ಈ ಬೋನಸ್ ಸಣ್ಣವು. ಅಮೆರಿಕಾದಾಗ ಕ್ರೆಡಿಟ್ ಕಾರ್ಡಿಗೆ ಅಂಥಾ ಮಿತಿ ಇಲ್ಲ, ಅಲ್ಲೆ ಮೂರು ತಿಂಗಳದಾಗ 4,000 ಡಾಲರ್ ಖರ್ಚು ಮಾಡ್ರಿ, ಊರಿಗೆ ಹೋಗಿ ಬರೂ ವಿಮಾನದ ಟಿಕೆಟ್ಟಿಗೆ ಆಗೂವಷ್ಟು ಪಾಯಿಂಟ್ ತಗೋರಿ ಅನ್ನೂ ಆಫರ್ ಮಾಮೂಲಿ. ಅಂದ್ರ ಬೋನಸ್ಸಿನ ರೊಕ್ಕದಾಗ ಒಂದು ಪಾಲು ಅಂಗಡಿಯಾಂವನ ಗಲ್ಲಾದಿಂದ ಬಂದದ್ದು, ಇನ್ನೊಂದು ಪಾಲು ಬಿಲ್ ಪೂರ್ತಿ ತುಂಬದ ಬಡ್ಡಿ ಕಟ್ಟೂ ಮಂದಿಯಿಂದ ಬಂದದ್ದು.

ಇದು ತಿಳೀತಂದ್ರ ನಮ್ಮೂರಿನ ಅಂಗಡಿಯಾವ್ರು ಯಾಕ ಮುಖ ಸಣ್ಣದು ಮಾಡ್ತಾರ ಅನ್ನೂದೂ ತಿಳೀತೈತಿ. ಬಂಗಾರದ ಅಂಗಡಿ, ಟೈಲ್ಸಿನ ಅಂಗಡಿ, ಮೊಬೈಲ್ ಅಂಗಡಿ, ಎಲ್ಲಿ ಹೋದ್ರೂ "ಕಾರ್ಡ್ ಕೊಟ್ರ ಎರಡ್ ಪರ್ಸೆಂಟ್ ಬ್ಯಾರೆ ಆಗ್ತೈತಿ ನೋಡ್ರಿ ಸರ್" ಅಂತಾರ. ಬ್ಯಾಂಕಿನ ಜೋಡಿ ಅವರು ಮಾಡ್ಕೊಂಡ ಕರಾರಿನೊಳಗ ಸಾಮಾನ್ಯವಾಗಿ ಹಂಗ ಮ್ಯಾಲ ತಗೋಬಾರದು ಅಂತ ಇರ್ತೈತಿ, ಆದ್ರ ನಡ್ಯೂದು ಹಂಗ ಐತಿ, ಅವರ ಲಾಭ ಇರೂದ ಮೂರ್ನಾಕು ಪರ್ಸೆಂಟಿನೊಳಗ ಅಂದಮ್ಯಾಲ ಅವರನ್ನ ಬೈದು ಏನ್ ಮಾಡೂದು. 75 ಸಾವಿರಕ್ಕ ಎರಡು ಪರ್ಸೆಂಟ್ ಅಂದ್ರ 1,500. ಮ್ಯಾಲ ಉಳದ 2,050ದಾಗ ಇದನ್ನ ತಗದ್ರ 550 ರೂಪಾಯಿ ಉಳೀತು.

ಈಗ ಡೈರಿಗೆ ಬರೂಣು, ನನ್ನ ಪ್ರಕಾರ ಇಡೀ ವಿಷಯ ಇರೂದು ಇಲ್ಲೆ. ಅವರ ಮನಿ ನಮ್ಮ ಮನಿ ಖರ್ಚು ಹೆಚ್ಚು ಕಡಿಮಿ ಒಂದ ನಮೂನಿ, ಹಿಂಗಾಗಿ ನಮ್ಮ ಡೈರಿನ ಇಟಗೊಂಡ್ವಿ. ಬಾಡಗಿ 8,500 (ನಾವಿರೂದೂ ಬಾಡಗಿ ಮನಿನ). ಸಂತಿ, ಕಾಯಿಪಲ್ಲೆ 3,200. ಹಾಲು 2,400. ಕಿರಾಣಿ 6,000. ಪೆಟ್ರೋಲ್ 3,500. ಹೆಸ್ಕಾಂ (ಕರೆಂಟು) ಬಿಲ್ಲು, ನೀರಿನ ಬಿಲ್ಲು ಕೂಡಿ 1,800. ಸಾಲಿ ಫೀ, ವ್ಯಾನ್ 4,000. ಔಷಧ 2,000. ಪಿಗ್ಮಿ 3,000. ಭಿಸಿ (ಮಂದಿ ಕೂಡಿ ಹಾಕೂ ಚೀಟಿ) 2,000. ಫೋನು, ಇಂಟರ್ನೆಟ್ಟು 1,100. ಅರಿವಿ ಅಂಚಡಿ, ಇತ್ಯಾದಿ 2,500. ಒಟ್ಟು 40 ಸಾವಿರ. ಅಕ್ಕನ ಮಗ ಇದನ್ನ ನೋಡಿದಾವ್ನ "ಮಾಮಾ, ತಿಂಗಳಿಗೆ 40 ಸಾವಿರ ಅಂದ್ರ ಎರಡು ತಿಂಗಳಿಗೆ 80 ಆತಲ್ಲ, ಟಾರ್ಗೆಟ್ ಮುಟ್ಟೇ ಮುಟ್ತೈತಿ" ಅಂದ. ನಾನೂ ಮೊದಲನೇ ಕಾರ್ಡ್ ತಗೊಂಡಾಗ ಹಂಗ ಅನ್ಕೊಂಡಿದ್ದೆ.

ಪೆನ್ಸಿಲ್ ತಗೊಂಡು ಒಂದೊಂದ ಹೊಡಕೋತ ಬಂದ್ವಿ. ಬಾಡಗಿ ಮಾಲಕರಿಗೆ ಕೈಯಾಗ ಕೊಡೂದು, ಹೋತು. ಸಂತ್ಯಾಗ ಕಾಯಿಪಲ್ಲೆ ಮಾರೂ ಅಜ್ಜಿ ಹಂತೇಕ ಕ್ಯೂಆರ್ ಕೋಡ್ ಐತಿ ಖರೆ, ಆದ್ರ ಅದು ಆಕಿ ಮೊಮ್ಮಗನ ಖಾತೆದ್ದು, ವ್ಯಾಪಾರದ ಕ್ಯೂಆರ್ ಅಲ್ಲ, ಅದಕ್ಕ ಕ್ರೆಡಿಟ್ ಕಾರ್ಡಿನ ರೊಕ್ಕ ಹೋಗೂದಿಲ್ಲ. ಹಾಲಿನಾವಂದು ತಿಂಗಳ ಲೆಕ್ಕ, ರೊಕ್ಕ ಕೈಯಾಗನ. ಪೆಟ್ರೋಲು ಕಾರ್ಡಿನಿಂದ ಹಾಕಿಸಬಹುದು, ಆದ್ರ ಭಾಳಷ್ಟು ಕಾರ್ಡಿನ ನಿಯಮದಾಗ ಪೆಟ್ರೋಲು ಟಾರ್ಗೆಟ್ಟಿನ ಲೆಕ್ಕಕ್ಕಿಲ್ಲ. ಹೆಸ್ಕಾಂ, ನೀರು, ಫೋನು ಇವನ್ನ ಯುಟಿಲಿಟಿ ಅಂತ ಬ್ಯಾರೆ ಇಟ್ಟು ಕೆಲವ್ರು ಲೆಕ್ಕಕ್ಕ ತಗೋತಾರ, ಕೆಲವ್ರು ತಗೋಳೂದಿಲ್ಲ, ಅಂವ ತೋರಿಸಿದ ಕಾರ್ಡಿನ್ಯಾಗ ತಗೋಳೂದಿಲ್ಲ ಅಂತ ಸಣ್ಣ ಅಕ್ಷರದಾಗ ಇತ್ತು. ಸಾಲಿ ಫೀ ಚಲನ್ ಬರದು ಬ್ಯಾಂಕಿನ್ಯಾಗ ತುಂಬೂದು. ಪಿಗ್ಮಿ ಏಜೆಂಟರು ಸಂಜಿಕ ಬಂದು ನಗದು ಒಯ್ತಾರ, ಭಿಸಿನೂ ಹಂಗ. ಉಳದದ್ದು ಔಷಧ 2,000, ಅರಿವಿ 2,500, ಮತ್ತ ಕಿರಾಣಿ 6,000. ಆ ಕಿರಾಣಿನೂ ಈಗ ಓಣ್ಯಾಗಿನ ಅಂಗಡ್ಯಾಗ ಉದ್ರಿ ಪುಸ್ತಕದಾಗ ಐತಿ, ಅದನ್ನ ಬಿಟ್ಟು ಸ್ವೈಪ್ ಮಷೀನ್ ಇರೂ ದೊಡ್ಡ ಅಂಗಡಿಗೆ ಹೋದ್ರ ಮಾತ್ರ ಲೆಕ್ಕಕ್ಕ. ಒಟ್ಟು 10,500. ಎರಡು ತಿಂಗಳಿಗೆ 21 ಸಾವಿರ. ಟಾರ್ಗೆಟ್ 75. ಕೊರತಿ 54 ಸಾವಿರ.

ಹುಡುಗ ಸುಮ್ಮನಾದ. ಬೆಂಗಳೂರಿನ್ಯಾಗ ಐಟಿ ಕೆಲಸ ಮಾಡಾವ್ರಿಗೆ ಊಟಾ, ಕ್ಯಾಬು, ಕಿರಾಣಿ, ಅರಿವಿ, ಸಿನಿಮಾ ಎಲ್ಲಾ ಆ್ಯಪಿನ್ಯಾಗ ನಡ್ಯೂದು, ಅವರಿಗೆ 75 ಸಾವಿರ ತಾನಾಗೇ ತುಂಬತೈತಿ. ನಮ್ಮ ಖರ್ಚಿನ ಮುಕ್ಕಾಲು ಪಾಲು ಕಾರ್ಡಿಗೆ ಕಾಣೂದ ಇಲ್ಲ. ಆ 54 ಸಾವಿರದ ಕೊರತಿ ತುಂಬಾಕ ಬೇಕಿಲ್ಲದ್ದನ್ನ ಕೊಂಡ್ರ ಬೋನಸ್ಸಿನ ಲಾಭ ಎಲ್ಲಿ ಉಳೀತು?

ರುಪೇ ಕ್ರೆಡಿಟ್ ಕಾರ್ಡಿನ ಬಗ್ಗೆ ಒಂದು ಮಾತು ಹೇಳಬೇಕು, ಯಾಕಂದ್ರ ಇದು ನಮ್ಮಂಥಾ ಊರಿಗೆ ಖರೇನ ಉಪಯೋಗ. 2022ರ ಸೆಪ್ಟೆಂಬರಿನಿಂದ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಸಾಕ ಬರ್ತೈತಿ, ಅಂದ್ರ ಸ್ವೈಪ್ ಮಷೀನ್ ಇಲ್ಲದ ಔಷಧ ಅಂಗಡಿ, ಬೇಕರಿ, ಸ್ಟೇಷನರಿ ಅಂಗಡ್ಯಾಗೂ ಕ್ಯೂಆರ್ ಸ್ಕ್ಯಾನ್ ಮಾಡಿ ಕಾರ್ಡಿನಿಂದ ಕೊಡಬಹುದು, ಕ್ಯೂಆರ್ ಮಾತ್ರ ವ್ಯಾಪಾರಿ ಹೆಸರಿನ ಮ್ಯಾಲ ಇರಬೇಕು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿ ತನಕದ ಪೇಮೆಂಟಿಗೆ ಎಂಡಿಆರ್ ಇಲ್ಲ, ಹಿಂಗಾಗಿ ಅವರೂ ಮ್ಯಾಲ ಕೇಳೂದಿಲ್ಲ. ಆದ್ರ ಯುಪಿಐ ಮ್ಯಾಲ ಮಾಡಿದ ಖರ್ಚು ಬೋನಸ್ ಟಾರ್ಗೆಟ್ಟಿಗೆ ಹಿಡೀತಾರೋ ಇಲ್ಲೋ ಅನ್ನೂದು ಕಾರ್ಡಿನಿಂದ ಕಾರ್ಡಿಗೆ ಬ್ಯಾರೆ, ಅರ್ಜಿ ಹಾಕೂಕಿಂತ ಮೊದ್ಲ ಬರವಣಿಗಿಯೊಳಗ ಕೇಳಿ ಇಟಗೋರಿ.

ಯಾವ ಖರ್ಚು ಲೆಕ್ಕಕ್ಕ, ಯಾವುದು ಇಲ್ಲ ಅನ್ನೂದನ್ನ ಮಷೀನು ಹೆಂಗ ತಿಳ್ಕೋತೈತಿ ಅಂತ ಭಾಳ ಮಂದಿ ಕೇಳ್ತಾರ. ನೀವು ಏನು ಕೊಂಡ್ರಿ ಅಂತ ಬ್ಯಾಂಕಿಗೆ ಗೊತ್ತಾಗೂದಿಲ್ಲ, ಯಾವ ನಮೂನಿ ಅಂಗಡಿ ಅನ್ನೂದಷ್ಟ ಗೊತ್ತಾಗ್ತೈತಿ. ಪ್ರತಿ ವ್ಯಾಪಾರಿಗೂ ನಾಕು ಅಂಕಿಯ ಒಂದು ಕೋಡ್ ಕೊಟ್ಟಿರ್ತಾರ, ಎಂಸಿಸಿ ಅಂತಾರ. ಕಿರಾಣಿಗೆ 5411, ಪೆಟ್ರೋಲ್ ಬಂಕಿಗೆ 5541, ಕರೆಂಟು ನೀರಿಗೆ 4900, ಬಾಡಗಿಗೆ 6513, ವಾಲೆಟ್ ತುಂಬೂದಕ್ಕ 6540, ತೆರಿಗಿಗೆ 9311, ಹಿಂಗ. ಅಂಗಡಿಯಾಂವ ಮಷೀನ್ ತಗೋಳೂಮುಂದ ಯಾವ ಧಂದೆ ಅಂತ ಬರದು ಕೊಟ್ಟಾನೋ ಅದ ಕೋಡ್ ಕುಂದರ್ತೈತಿ. ನಮ್ಮ ಕಡೆ ಒಬ್ಬರ ಹೆಸರಿನ್ಯಾಗ ಎರಡ್ ಮೂರು ಧಂದೆ ಇರ್ತಾವ, ಒಂದಕ್ಕ ತಗೊಂಡ ಮಷೀನು ಇನ್ನೊಂದರ ಕೌಂಟರಿನ ಮ್ಯಾಲ ಇರ್ತೈತಿ, ನೀವು ಅರಿವಿ ಕೊಂಡಿರ್ತೀರಿ, ಕೋಡ್ ಪೆಟ್ರೋಲ್ ಬಂಕಿಂದು ಇರ್ತೈತಿ, ಟಾರ್ಗೆಟ್ಟಿನ್ಯಾಗ ಆ ರೊಕ್ಕ ಕಾಣೂದ ಇಲ್ಲ. ದೊಡ್ಡ ಖರ್ಚು ಮಾಡೂಕಿಂತ ಮೊದ್ಲ ಅದ ಅಂಗಡ್ಯಾಗ ನೂರು ರೂಪಾಯಿದ್ದು ಏನರ ತಗೊಂಡು ಆ್ಯಪಿನ್ಯಾಗ ಹೆಂಗ ಬರ್ತೈತಿ ಅಂತ ನೋಡೂದು ಚೊಲೋ.

ಇದರ ಜೋಡಿ ಇನ್ನೂ ಸಣ್ಣ ಸಣ್ಣ ಮುಳ್ಳು ಅದಾವ. ಖರ್ಚನ್ನ ಇಎಂಐಗೆ ಬದಲಿ ಮಾಡಿದ್ರ ಭಾಳ ಕಡೆ ಲೆಕ್ಕದಿಂದ ತಗೀತಾರ. ಸಾಮಾನು ವಾಪಸ್ ಕೊಟ್ರ ಅಷ್ಟು ರೊಕ್ಕ ಟಾರ್ಗೆಟ್ಟಿನಿಂದ ಕಡಿಮಿ ಆಗ್ತೈತಿ, ಬೋನಸ್ ಕೊಟ್ಟ ಮ್ಯಾಲ ವಾಪಸ್ ಮಾಡಿದ್ರ ಬೋನಸ್ಸನ್ನೂ ತಿರುಗಿ ತಗೋಬಹುದು. ಎಟಿಎಮ್ಮಿನ್ಯಾಗ ಕ್ರೆಡಿಟ್ ಕಾರ್ಡ್ ಹಾಕಿ ನಗದು ತಗದ್ರಂತೂ ಲೆಕ್ಕಕ್ಕೂ ಇಲ್ಲ, ಮ್ಯಾಲ ಚಾರ್ಜು, ತಗದ ದಿನದಿಂದನ ಬಡ್ಡಿ.

ಗಡುವಿನ ದಿನಾ ಎಣಿಸೂದರಾಗ ನಾನ ತಪ್ಪಿದ್ದೆ, ಅದನ್ನ ಹೇಳಬೇಕು. ಎರಡು ವರ್ಷದ ಹಿಂದ ಒಂದು ಬ್ಯಾಂಕಿನ ಕಾರ್ಡ್ ತಗೊಂಡೆ, 60 ದಿನದ ಗಡುವು. ಮಂಜೂರಾದದ್ದು ತಿಂಗಳ 3ನೇ ತಾರೀಖಿಗೆ. ನವನಗರ ಅಂದ್ರ ನಿಮಗ ಗೊತ್ತಲ್ಲ, ಆಲಮಟ್ಟಿ ಹಿನ್ನೀರಿನ್ಯಾಗ ಹಳೇ ಊರಿನ ಅರ್ಧ ಮುಳುಗಡಿ ಆದಮ್ಯಾಲ ಕಟ್ಟಿದ ಊರು, ಇಲ್ಲೆ ವಿಳಾಸ ಅಂದ್ರ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಅವರು ಕವರಿನ ಮ್ಯಾಲ ಸೆಕ್ಟರ್ ನಂಬರ್ ಬಿಟ್ಟು ಬರೀ ಪ್ಲಾಟ್ ನಂಬರ್ ಹಾಕಿದ್ರು, ಕೊರಿಯರ್ ಹುಡುಗ ಒಮ್ಮೆ ಹುಡುಕಿ ಸಿಗಲಿಲ್ಲ ಅಂತ ವಾಪಸ್ ಕಳಿಸಿದ, ನನ್ನ ಕೈಗೆ ಬಂದದ್ದು 14ಕ್ಕ. ನಾ 14ರಿಂದ 60 ದಿನಾ ಎಣಿಸಿದೆ, ಅವರು 3ರಿಂದ ಎಣಿಸಿದ್ರು. ಹನ್ನೊಂದು ದಿನಾ ಅಲ್ಲೇ ಹೋದ್ವು. ಕಡೀ ವಾರದಾಗ ಮಿಕ್ಸರು, ಮಗಳ ಸೈಕಲ್ಲು ಅಂತ ತಗೊಂಡು 9,400 ರೂಪಾಯಿ ಉಜ್ಜಿದ್ದೆ, ಅಷ್ಟೂ ಗಡುವಿನ ಆಚೆ ಬಿತ್ತು. ಕಸ್ಟಮರ್ ಕೇರಿಗೆ ಫೋನ್ ಹಚ್ಚಿದ್ರ "ಸರ್, ಕಾರ್ಡ್ ಸೆಟಪ್ ಆದ ದಿನಾಂಕದಿಂದ ಅಂತ ನಿಯಮದಲ್ಲಿದೆ" ಅಂದ್ರು. ಇತ್ತು, ನಾ ಆಮ್ಯಾಲ ಓದಿದೆ. ನನಗ ಸಿಟ್ಟು ಬಂದದ್ದು ನಿಯಮದ ಮ್ಯಾಲ ಅಲ್ಲ, ಅವರದ ತಪ್ಪಿನಿಂದ ಕಾರ್ಡ್ ತಡಾ ಆತಲ್ಲ, ಆ ಹನ್ನೊಂದು ದಿನಾ ಕೊಡ್ರಿ ಅಂದ್ರ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕೆಲವು ಕಡೆ ನೀವು ಉಜ್ಜಿದ ದಿನಾ ಸುದ್ದಾ ಅಲ್ಲ, ಅಂಗಡಿಯಾಂವ ಸೆಟಲ್ ಮಾಡಿ ಖಾತೆಗೆ ಹತ್ತಿದ ದಿನಾ ಹಿಡೀತಾರ, ಅದು ಎರಡ್ ಮೂರು ದಿನಾ ಹಿಂದ ಮುಂದ ಆಗ್ತೈತಿ. ಕಡೀ ಹತ್ತು ದಿನಾ ಕೈಯಾಗ ಇಟಗೊಂಡ ಟಾರ್ಗೆಟ್ ಮುಗಿಸಬೇಕು.

ಇನ್ನ ಕೊರತಿ ತುಂಬಾಕ ಮಂದಿ ಹುಡುಕೂ ದಾರಿಗಳು. ಗೆಳ್ಯಾರ ಬಿಲ್ ನಮ್ಮ ಕಾರ್ಡಿನಿಂದ ತುಂಬಿ ಅವರಿಂದ ರೊಕ್ಕ ಇಸಗೋಳೂದು, ವಾಲೆಟ್ಟಿಗೆ ತುಂಬಿ ಖಾತೆಗೆ ತಗೋಳೂದು, ಗಿಫ್ಟ್ ವೋಚರ್ ಕೊಂಡು ಇಟಗೋಳೂದು, ಬಾಡಗಿ ಅಂತ ಆ್ಯಪಿನ್ಯಾಗ ಸಂಬಂಧಿಕರ ಖಾತೆಗೆ ಹಾಕಿ ತಿರುಗಿ ತರಿಸ್ಕೊಳ್ಳೂದು. ಇದನ್ನ ಇಂಗ್ಲಿಷಿನ್ಯಾಗ ಮ್ಯಾನುಫ್ಯಾಕ್ಚರ್ಡ್ ಸ್ಪೆಂಡಿಂಗ್ ಅಂತಾರ, ಅಂದ್ರ ಖರ್ಚ ಇಲ್ಲದ ಖರ್ಚು ತೋರಸೂದು. ಅಮೆರಿಕಾದಾಗ ಇದರ ದೊಡ್ಡ ಕಥಿ ಒಂದೈತಿ. ಅಲ್ಲಿನ ಸರಕಾರಿ ಟಂಕಸಾಲಿ ಒಂದು ಡಾಲರಿನ ನಾಣ್ಯ ಮಂದಿ ಬಳಸಲಿ ಅಂತ 2008ರಾಗ ಆನ್‌ಲೈನಿನ್ಯಾಗ ಅದ ಬೆಲಿಗೆ ಮಾರಾಕ ಸುರು ಮಾಡ್ತು, ಮನಿತನಕ ಕಳಿಸೂ ಖರ್ಚೂ ಅವರದ, ಕ್ರೆಡಿಟ್ ಕಾರ್ಡೂ ನಡೀತಿತ್ತು. ಮಂದಿ ಸಾವಿರಗಟ್ಟಲೆ ನಾಣ್ಯ ತರಿಸಿ, ಡಬ್ಬಿ ಸುದ್ದಾ ಬಿಚ್ಚದ ಬ್ಯಾಂಕಿಗೆ ಒಯ್ದು ಜಮಾ ಮಾಡಿ, ಅದ ರೊಕ್ಕದಾಗ ಕಾರ್ಡ್ ಬಿಲ್ ತುಂಬಿ, ಪಾಯಿಂಟ್ ಪುಕ್ಕಟೆ ತಗೊಂಡ್ರು. 2011ರ ಜುಲೈದಾಗ ಕಾರ್ಡಿನಿಂದ ಕೊಳ್ಳೂದನ್ನ ಬಂದ್ ಮಾಡಿದ್ರು. ಇನ್ನೊಂದು ಗಂಡ ಹೆಂಡ್ತಿ ಜೋಡಿ 2013, 2014 ಎರಡು ವರ್ಷದಾಗ 60 ಲಕ್ಷ ಡಾಲರಿಗೂ ಹೆಚ್ಚು ಕಾರ್ಡಿನ್ಯಾಗ ಉಜ್ಜಿ, ಹೆಚ್ಚಾಗಿ ಗಿಫ್ಟ್ ಕಾರ್ಡ್ ಕೊಂಡು, 3 ಲಕ್ಷ ಡಾಲರಿಗೂ ಮ್ಯಾಲ ರಿವಾರ್ಡ್ ಗಳಿಸಿದ್ರು, ತೆರಿಗಿ ಇಲಾಖೆಯವ್ರು ಬೆನ್ನ ಹತ್ತಿ 2021ರಾಗ ಅದು ಟ್ಯಾಕ್ಸ್ ಕೋರ್ಟಿನ ತೀರ್ಪಿನ ತನಕ ಹೋತು.

ನಮ್ಮಲ್ಲೂ ಒಂದೊಂದ ಬಾಗಲಾ ಹಾಕ್ಕೋತ ಬಂದಾರ. ಬಾಡಗಿ ಪೇಮೆಂಟಿಗೆ 2022ರ ಕಡೀಕಡೀಗೆ ಬ್ಯಾಂಕುಗಳು ಒಂದು ಪರ್ಸೆಂಟಿನಷ್ಟು ಚಾರ್ಜ್ ಹಾಕಾಕ ಸುರು ಮಾಡಿದ್ವು, 2025ರ ಸೆಪ್ಟೆಂಬರಿನ್ಯಾಗ ಗಿರಾಕಿಯ ರೊಕ್ಕ ವ್ಯಾಪಾರಿಗೆ ಮುಟ್ಟಸೂ ನಡುವಿನ ಕಂಪನಿಗಳಿಗೆ, ಅಂದ್ರ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ರಿಸರ್ವ್ ಬ್ಯಾಂಕಿನ ಹೊಸಾ ನಿಯಮ ಬಂತು, ತಮ್ಮ ಜೋಡಿ ಕರಾರು ಇರೂ ವ್ಯಾಪಾರಿಗಳಿಗಷ್ಟ ರೊಕ್ಕ ಮುಟ್ಟಿಸಬೇಕು ಅಂತ, ಆಮ್ಯಾಲ ದೊಡ್ಡ ಆ್ಯಪುಗಳು ಕಾರ್ಡಿನ ಬಾಡಗಿ ಪೇಮೆಂಟನ್ನ ನಿಲ್ಲಿಸಿದ್ವು. ಗೆಳ್ಯಾರ ಬಿಲ್ ತುಂಬೂ ವಿಷಯದಾಗ ಇನ್ನೊಂದು ಐತಿ, ಒಂದು ವರ್ಷದಾಗ ನೀವು ಕಾರ್ಡ್ ಬಿಲ್ಲಿಗೆ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ತುಂಬಿದ್ರ, ಇಲ್ಲಾ ನಗದಿನಾಗ 1 ಲಕ್ಷ ತುಂಬಿದ್ರ ಬ್ಯಾಂಕು ಅದನ್ನ ಆದಾಯ ತೆರಿಗಿ ಇಲಾಖೆಗೆ ತಿಳಿಸಲೇಬೇಕು. ನಿಮ್ಮ ಪಗಾರ ವರ್ಷಕ್ಕ 5 ಲಕ್ಷ, ಬಿಲ್ಲು 11 ಲಕ್ಷ ಅಂದ್ರ ನೋಟೀಸಿಗೆ ಉತ್ತರ ಕೊಡೂದು ನಿಮ್ಮ ಪಾಲಿಗೆ ಬರ್ತೈತಿ, ಗೆಳ್ಯಾರ ಪಾಲಿಗಲ್ಲ.

ಎಲ್ಲಾಕ್ಕಿಂತ ನಾ ಹೆದರೂದು ಕಾರ್ಡ್ ಉಜ್ಜಿ ನಗದು ಕೊಡೂ ಅಂಗಡಿಗಳಿಗೆ. ಎರಡೂವರಿ ಮೂರು ಪರ್ಸೆಂಟ್ ಮುರಕೊಂಡು ಕೈಯಾಗ ನೋಟು ಕೊಡ್ತಾರ, ಸಾಮಾನು ಏನೂ ಇಲ್ಲ, ಬರೀ ಬಿಲ್ಲು. ಟಾರ್ಗೆಟ್ ಮುಟ್ತೈತಿ ಅಂತ ಹುಡುಗರು ಹೋಗ್ತಾರ. 54 ಸಾವಿರಕ್ಕ ಮೂರು ಪರ್ಸೆಂಟ್ ಅಂದ್ರ 1,620, ಲಾಭದ ಮುಕ್ಕಾಲು ಪಾಲು ಅಲ್ಲೇ ಹೋತು, ಇದು ಕಾರ್ಡಿನ ನಿಯಮಕ್ಕ ವಿರುದ್ಧ, ಸಿಕ್ಕಿಬಿದ್ರ ಕಾರ್ಡ್ ಬಂದ್. ಅದಕ್ಕಿಂತ ಕೆಟ್ಟದ್ದಂದ್ರ ಕೈಯಾಗ 50 ಸಾವಿರ ನಗದು ಬಂದಾಗ ಅದು ಸಾಲ ಅನ್ನೂದು ಮರತು ಹೋಗ್ತೈತಿ. ಒಬ್ಬ ಹುಡುಗ ಹಿಂಗ ತಗೊಂಡ ರೊಕ್ಕ ತಂಗಿ ಸೀಮಂತಕ್ಕ ಖರ್ಚು ಮಾಡಿ, ಆ ಬಿಲ್ ತುಂಬಾಕ ಇನ್ನೊಂದು ಕಾರ್ಡ್ ತಗೊಂಡು, ಅದನ್ನ ತುಂಬಾಕ ಕೈಗಡ ಮಾಡಿ, ಕಡೀಕ ಅವರ ಅವ್ವ ಬೋರಮಳ ಒತ್ತಿ ಇಟ್ಟಳು. ಇದು ನಾ ಕಣ್ಣಾರೆ ಕಂಡದ್ದು.

ಬಡ್ಡಿ ಲೆಕ್ಕ ಇಲ್ಲೆ ಹೇಳೇ ಬಿಡ್ತೀನಿ. ಕಾರ್ಡ್ ಬಿಲ್ ಪೂರ್ತಿ ತುಂಬಲಿಲ್ಲ ಅಂದ್ರ ಬಡ್ಡಿ ತಿಂಗಳಿಗೆ ಮೂರೂವರಿ ಪರ್ಸೆಂಟ್ ಆಜುಬಾಜು, ವರ್ಷಕ್ಕ 42. 75 ಸಾವಿರಕ್ಕ ಒಂದು ತಿಂಗಳ ಬಡ್ಡಿ 2,625, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಕೂಡಿಸಿದ್ರ 3,097. ಬೋನಸ್ಸಿನಾಗ ಉಳದಿದ್ದು 2,050 ಅಲ್ಲೇನು. ಒಂದ ತಿಂಗಳ ತಡಾ ಆದ್ರ ಸಾವಿರ ರೂಪಾಯಿ ಮೈಮ್ಯಾಲ. ಮಿನಿಮಮ್ ಡ್ಯೂ ಅಂತ ನೂರಕ್ಕ ಐದು ರೂಪಾಯಿ ತುಂಬಿದ್ರ ಲೇಟ್ ಫೀ ಅಷ್ಟ ತಪ್ಪತೈತಿ, ಬಡ್ಡಿ ತಪ್ಪೂದಿಲ್ಲ, ಬಡ್ಡಿ ಕಡೀ ತಾರೀಖಿನಿಂದ ಅಲ್ಲ, ನೀವು ಉಜ್ಜಿದ ದಿನದಿಂದ ಹಿಡೀತಾರ, ಬಾಕಿ ತೀರೂತನಕ ಹೊಸಾ ಖರೀದಿಗೂ ಮೊದಲನೇ ದಿನದಿಂದ ಬಡ್ಡಿ. ಗ್ರಾಹಕರ ಆಯೋಗ 2008ರಾಗ ವರ್ಷಕ್ಕ 30 ಪರ್ಸೆಂಟಿಗಿಂತ ಹೆಚ್ಚು ಬಡ್ಡಿ ಅನ್ಯಾಯ ಅಂತ ಹೇಳಿತ್ತು, ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ಕ್ಕ ಆ ಆದೇಶ ರದ್ದು ಮಾಡ್ತು, ಹಿಂಗಾಗಿ ಆ ತಡೀನೂ ಈಗ ಇಲ್ಲ.

ಮುಧೋಳ, ಜಮಖಂಡಿ ಕಡೆ ಕಬ್ಬು ಹಚ್ಚಿದಾವ್ರಿಗೆ ಇದನ್ನ ಎರಡು ಸಲ ಹೇಳಬೇಕು. ಕಬ್ಬು ಕಳಿಸಿದ 14 ದಿನದಾಗ ಕಾರ್ಖಾನೆ ರೊಕ್ಕ ಕೊಡಬೇಕು, ತಡಾ ಆದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ ಕೂಡಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ಕಬ್ಬಿನ ಬಾಕಿ ಬಿಲ್ಲಿನ ಸಲುವಾಗಿ ನಮ್ಮ ಮಂದಿ ಎಷ್ಟು ಸಲ ರಸ್ತೆಗೆ ಇಳದಾರ ಅಂತ ನಿಮಗ ಗೊತ್ತೈತಿ. ಮನ್ಯಾಗಿನ ಹುಡುಗ "ಕಬ್ಬಿನ ಬಿಲ್ ಬರ್ತೈತಿ, ತುಂಬಿದ್ರಾತು" ಅಂತ ಕಾರ್ಡ್ ಉಜ್ಜಿದ್ರ, ಬರೂ ರೊಕ್ಕಕ್ಕ ತಾರೀಖಿಲ್ಲ, ಕೊಡೂ ರೊಕ್ಕಕ್ಕ ತಾರೀಖೈತಿ. ಬರಬೇಕಾದ್ದಕ್ಕ 15, ಕೊಡಬೇಕಾದ್ದಕ್ಕ 42. ಕಾರ್ಡಿನ್ಯಾಗ ಉಜ್ಜೂ ದಿನಾ ಅಷ್ಟು ರೊಕ್ಕ ಸೇವಿಂಗ್ಸ್ ಖಾತೆದಾಗ ಇರಬೇಕು, ಇಲ್ಲಂದ್ರ ಮುಟ್ಟಬಾರದು.

ಹಂಗಾದ್ರ ಈ ಬೋನಸ್ ನಮ್ಮಂಥಾವ್ರಿಗೆ ಅಲ್ಲೇ ಅಲ್ಲೇನು ಅಂದ್ರ, ಅದೂ ಖರೆ ಅಲ್ಲ. ನನಗ ಒಮ್ಮೆ ಸಿಕ್ಕದ್ದು ಹೆಂಗಂದ್ರ, ಮಗನ ಡಿಪ್ಲೊಮಾ ಅಡ್ಮಿಷನ್ನು, ಫ್ರಿಜ್ಜು, ಅವ್ವನ ಕಣ್ಣಿನ ಆಪರೇಷನ್ನು ಮೂರೂ ಒಂದ ಜೂನ್ ಜುಲೈದಾಗ ಬಂದಿದ್ವು. ಆ ಖರ್ಚು ಹೆಂಗೂ ಆಗೂದಿತ್ತು, ರೊಕ್ಕನೂ ಎಫ್‌ಡಿ ಮುರದು ತಯಾರಿತ್ತು, ನಾ ಮೇ ತಿಂಗಳದಾಗ ಕಾರ್ಡಿಗೆ ಅರ್ಜಿ ಹಾಕಿದ್ದೆ. ಕಾಲೇಜಿನ ಕೌಂಟರಿನ್ಯಾಗ, ದವಾಖಾನಿಯೊಳಗ ಮಷೀನಿತ್ತು, ಯಾರೂ ಮ್ಯಾಲ ಕೇಳಲಿಲ್ಲ. ಒಂದ ಒಂದು ತೊಂದ್ರಿ ಆತು, ಹೊಸಾ ಕಾರ್ಡಿನ ಲಿಮಿಟ್ಟು 50 ಸಾವಿರ, ಖರ್ಚು ಅದಕ್ಕೂ ಹೆಚ್ಚು. ಆವಾಗ ಬಿಲ್ ಬರೂ ತನಕ ಕಾಯದ ನಡುವ ನಡುವ ರೊಕ್ಕ ತುಂಬಿ ಲಿಮಿಟ್ ತೆರಪು ಮಾಡಿಕೊಂಡೆ. ಸಿಬಿಲ್ ಸ್ಕೋರಿಗೂ (ಸಾಲ ಹೆಂಗ ತೀರಸ್ತೀವಿ ಅನ್ನೂದಕ್ಕ ಕೊಡೂ ಅಂಕ) ಇದ ಚೊಲೋ, ಲಿಮಿಟ್ಟಿನ ಕಟ್ಟೀತನಕ ಬಾಕಿ ತೋರಿಸಿದ್ರ ಸ್ಕೋರ್ ಇಳೀತೈತಿ, ಸಾಲಾದ್ದಕ್ಕ ಪ್ರತಿ ಹೊಸಾ ಅರ್ಜಿನೂ ರಿಪೋರ್ಟಿನ್ಯಾಗ ಕುಂದರ್ತೈತಿ. ಮನಿ ಸಾಲಕ್ಕ ಓಡ್ಯಾಡಾವ್ರು ಆ ಆರು ತಿಂಗಳ ಕಾರ್ಡಿನ ಆಸೆ ಬಿಡ್ರಿ.

ಎರಡನೇ ವರ್ಷದ ಫೀ ಕಟ್ ಆಗೂದರೊಳಗ ಆ ಕಾರ್ಡ್ ನನಗ ಬ್ಯಾಡ ಅನಿಸ್ತು, ಬಂದ್ ಮಾಡಿಸಿದೆ. ಇದರಾಗ ನಿಯಮ ನಮ್ಮ ಕಡೆ ಐತಿ, ರಿಸರ್ವ್ ಬ್ಯಾಂಕು 2022ರಾಗ ತಂದ ನಿಯಮದ ಪ್ರಕಾರ ಬಾಕಿ ಏನೂ ಇಲ್ಲಂದ್ರ, ಕೇಳಿದ 7 ಕೆಲಸದ ದಿನದಾಗ ಕಾರ್ಡ್ ಬಂದ್ ಮಾಡಬೇಕು, ತಡಾ ಮಾಡಿದ್ರ ದಿನಕ್ಕ 500 ರೂಪಾಯಿ ಗಿರಾಕಿಗೆ ಕೊಡಬೇಕು. ಕೇಳದ ಕಾರ್ಡ್ ಕಳಿಸೂಹಂಗಿಲ್ಲ, ನಿಮ್ಮ ಒಪ್ಪಿಗಿ ಇಲ್ಲದ ಲಿಮಿಟ್ ಏರಿಸೂಹಂಗಿಲ್ಲ. ಫೋನಿನ್ಯಾಗ "ಬಂದ್ ಮಾಡಬ್ಯಾಡ್ರಿ, ಮತ್ತೊಂದು ವೋಚರ್ ಕೊಡ್ತೀವಿ" ಅಂತ ಹತ್ತು ನಿಮಿಷ ಹಿಡಕೊಂಡ ಕುಂತಾರ, ಮೇಲ್ ಹಾಕಿ ಇಡ್ರಿ, ತಾರೀಖು ಬರದಿರ್ತೈತಿ.

ಅಕ್ಕನ ಮಗನ ಮನ್ಯಾಗ ಈ ಸಲ ಅಂಥಾ ಖರ್ಚು ಬರೂದೈತಿ. ಅವನ ತಂಗಿ ಲಗ್ನ ನಿಕ್ಕಿ ಆಗೈತಿ, ಲಗ್ನದ ಬಸ್ತಾಕ್ಕ 80 ಸಾವಿರ ತಗದು ಇಟ್ಟಾರ. ಇಳಕಲ್ ಸೀರಿ, ಗುಳೇದಗುಡ್ಡದ ಕಣ, ಗಂಡಿನ ಕಡೆಯಾವ್ರ ಅರಿವಿ ಎಲ್ಲಾ ಕೂಡಿ ಎರಡು ಮೂರು ಅಂಗಡ್ಯಾಗ ಒಂದ ವಾರದಾಗ ಮುಗಿಯೂ ಖರೀದಿ. ಡೈರಿಯ ಹಿಂದಿನ ಹಾಳಿ ಮ್ಯಾಲ ಅಂವ ಬರಕೊಂಡ: ಬಸ್ತಾದ ತಾರೀಖು ಗಟ್ಟಿ ಆಗಲಿ, ಅದಕ್ಕ 25 ದಿನಾ ಮೊದ್ಲ ಅರ್ಜಿ, ವಿಳಾಸದಾಗ ಸೆಕ್ಟರ್ ನಂಬರು, ಮಂಜೂರಾದ ದಿನದಿಂದ ಎಣಿಕಿ, ಅವ್ವ ಇಟ್ಟ 80 ಸಾವಿರ ಮೊದ್ಲ ಖಾತೆದಾಗ. ಆಮ್ಯಾಲ ಬೈಕ್ ಹತ್ತೂಮುಂದ ತಿರುಗಿ ಕೇಳಿದ, "ಮಾಮಾ, ಸೀರಿ ಅಂಗಡಿಯಾವ್ರು ಎರಡ್ ಪರ್ಸೆಂಟ್ ಕೇಳಿದ್ರ?"

"80 ಸಾವಿರಕ್ಕ ಎಷ್ಟಾತು?" ಅಂದೆ.

"1,600."

"2,050ದಾಗ ತಗೀ."

"450 ಉಳೀತು," ಅಂದ, ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಕೊಂಡ ನಿಂತ, "ಹಂಗಾದ್ರ ಮುಂದಿನ ವಾರ ಇಳಕಲ್ಲಿಗೆ ಹೋಗಿ ಮೊದ್ಲ ಅವರನ್ನ ಕೇಳ್ಕೊಂಡ ಬರ್ತೀನಿ. ಎರಡ್ ಪರ್ಸೆಂಟ್ ಅಂದ್ರಂದ್ರ ಅರ್ಜಿ ಹಾಕೂದಿಲ್ಲ, ನಗದು ಕೊಟ್ಟು ರೇಟ್ ಕಡಿಮಿ ಮಾಡಿಸ್ತೀನಿ."